ಜಾರುವ ಧರೆಯ ಮೇಲೆ ಮೆಟ್ಟಿಲು: ಪದೇ ಪದೇ ಕೇಳುವ ಪ್ರಶ್ನೆಗಳು

ಮೇ ತಿಂಗಳ ಕೊನೆ ವಾರ ಬಂದರೆ ನನ್ನ ಫೋನಿಗೆ ಬಿಡುವಿಲ್ಲ. "ಸಾರ್, ರಸ್ತೆಯಿಂದ ಮನೆಗೆ ಇಳಿಯೋಕೆ ನಾಲ್ಕು ಮೆಟ್ಟಿಲು ಮಾಡಿಸಬೇಕಿತ್ತು. ಧರೆ ಸ್ವಲ್ಪ ಸಡಿಲ ಇದೆ, ಅಷ್ಟೇ." ಹೋಗಿ ನೋಡಿದರೆ ನಾಲ್ಕಲ್ಲ, 40 ಮೆಟ್ಟಿಲು. ಧರೆಯೂ 'ಸ್ವಲ್ಪ' ಸಡಿಲ ಇರುವುದಿಲ್ಲ. ಕರಾವಳಿ, ಮಲೆನಾಡು, ಕೊಡಗಿನ ಕಡೆ ಎಂಜಿನಿಯರ್ ಆಗಿ ಈ ಕೆಲಸ ನೋಡುತ್ತಾ ಬಂದಿದ್ದೇನೆ. ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತಾರೆ, ಹೇಳಿದ್ದನ್ನೇ ಮತ್ತೆ ಮತ್ತೆ ಹೇಳುತ್ತೇನೆ. ಅದಕ್ಕೇ ಒಂದು ಕಡೆ ಬರೆದಿಟ್ಟೆ. ನಿಮ್ಮೂರಲ್ಲಿ ಧರೆಗೆ ಬರೆ ಅನ್ನುತ್ತೀರೋ, ಗುಡ್ಡದ ಅಂಚು ಅನ್ನುತ್ತೀರೋ, ಮಾತು ಅದೇ.

ನಮ್ಮ ಮನೆ ರಸ್ತೆಯಿಂದ 20 ಅಡಿ ಕೆಳಗಿದೆ. ಧರೆ ಕಡಿದು ಮೆಟ್ಟಿಲು ಮಾಡಬಹುದಾ?

ಮಾಡಬಹುದು ಅಂತ ಫೋನಿನಲ್ಲಿ ಯಾರಾದರೂ ಹೇಳಿದರೆ ನಂಬಬೇಡಿ. ಮೊದಲು ಒಂದು ಲೆಕ್ಕ ನೋಡಿ. ಆರು ಇಂಚು ಎತ್ತರದ ಮೆಟ್ಟಿಲಾದರೆ 20 ಅಡಿಗೆ 40 ಬೇಕು. ನಾಲ್ಕು ಅಡಿ ಅಗಲ, ಆರು ಇಂಚು ದಪ್ಪದ ಕಾಂಕ್ರೀಟ್ ಹಾಸಿನ ಮೇಲೆ ಇಷ್ಟು ಮೆಟ್ಟಿಲು ಕಟ್ಟಿದರೆ ಒಟ್ಟು ತೂಕ ಸುಮಾರು ಎಂಟೂವರೆ ಟನ್. ಅದರ ಕೆಳಗಿನ ಧರೆಯಲ್ಲಿ 12 ಮೀಟರ್ ಉದ್ದ, 3 ಮೀಟರ್ ಅಗಲ, 2 ಮೀಟರ್ ದಪ್ಪದ ಮಣ್ಣು ಜಾರುವ ಸ್ಥಿತಿಯಲ್ಲಿದೆ ಅಂದುಕೊಳ್ಳಿ. ಆ ಮಣ್ಣಿನ ತೂಕ 130 ಟನ್. ಎಂಟು ಟನ್ ಮೆಟ್ಟಿಲು 130 ಟನ್ ಮಣ್ಣನ್ನು ಹಿಡಿದು ನಿಲ್ಲಿಸುವುದಿಲ್ಲ. ಅದರ ಭಾರಕ್ಕೇ ಧರೆ ಬೀಳುವುದೂ ಅಪರೂಪ. ಕೆಡುವುದು ಎರಡರಿಂದ: ಮೆಟ್ಟಿಲಿಗೆ ಜಾಗ ಮಾಡಲು ಬುಡ ಕಡಿಯುವುದು, ಮತ್ತೆ ಮೆಟ್ಟಿಲು ನೀರಿಗೆ ದಾರಿಯಾಗುವುದು. ಮುಂದಿನ ಉತ್ತರಗಳೆಲ್ಲ ಸುತ್ತಿ ಬಳಸಿ ಇಲ್ಲಿಗೇ ಬರುತ್ತವೆ.

ನಮ್ಮ ಧರೆ ಜಾರುತ್ತಿದೆಯಾ ಅಂತ ಗೊತ್ತಾಗೋದು ಹೇಗೆ? ನೋಡೋಕೆ ಗಟ್ಟಿಯಾಗೇ ಇದೆ.

ಬೇಸಿಗೆಯಲ್ಲಿ ಎಲ್ಲ ಧರೆಯೂ ಗಟ್ಟಿಯೇ. ನೀವು ಮರಗಳನ್ನು ನೋಡಿ. ಕಾಂಡ ಬುಡದಲ್ಲಿ ಕೆಳಮುಖವಾಗಿ ಬಾಗಿ, ಆಮೇಲೆ ನೆಟ್ಟಗಾಗಿದ್ದರೆ ಅಲ್ಲಿನ ಮೇಲ್ಮಣ್ಣು ವರ್ಷಗಳಿಂದ ನಿಧಾನವಾಗಿ ಇಳಿಯುತ್ತಿರಬಹುದು. ಒಂದೇ ಮರ ಬಾಗಿದ್ದರೆ ಬಿಸಿಲಿಗೆ ಬಾಗಿರಬಹುದು. ಸಾಲಾಗಿ ಐದಾರು ಬಾಗಿದ್ದರೆ ಯೋಚಿಸಿ. ವಾಲಿದ ಬೇಲಿ ಗೂಟ, ಓರೆಯಾದ ಕರೆಂಟು ಕಂಬ ಕೂಡ ಅದೇ ಕಥೆ ಹೇಳುತ್ತವೆ.

ಧರೆಯ ತಲೆಯ ಮೇಲೆ ಹೋಗಿ ಹುಲ್ಲು ಸರಿಸಿ ನೋಡಿ. ಅಂಚಿಗೆ ಸಮಾನಾಂತರವಾಗಿ ಕಮಾನಿನ ಹಾಗೆ ಬಿರುಕು ಇದೆಯಾ? ಬಿರುಕಿನ ಈಚೆಗಿನ ನೆಲ ಒಂದೆರಡು ಇಂಚು ತಗ್ಗಿದೆಯಾ? ಇದ್ದರೆ ಅದು ಮಾತು ನಿಲ್ಲಿಸಿ ಎಂಜಿನಿಯರನ್ನು ಕರೆಯಬೇಕಾದ ಗುರುತು. ಬುಡದಲ್ಲಿ ಹೊಟ್ಟೆ ಬಂದ ಹಾಗೆ ಉಬ್ಬಿದ್ದರೂ ಅಷ್ಟೇ. ಹೊಸ ಒರತೆ ಶುರುವಾಗಿದ್ದರೆ, ಅಥವಾ ಹಳೆ ಒರತೆ ಇದ್ದಕ್ಕಿದ್ದ ಹಾಗೆ ನಿಂತುಹೋಗಿದ್ದರೆ, ಎರಡೂ ಒಳ್ಳೆಯದಲ್ಲ.

ಪಕ್ಕದ ಮನೆಯ ಅಜ್ಜಿಯನ್ನೂ ಕೇಳಿ. ಯಾವ ವರ್ಷ ಎಲ್ಲಿ ಜರಿದಿತ್ತು ಅನ್ನುವುದು ನಮ್ಮ ನಕ್ಷೆಗಿಂತ ಅವರಿಗೇ ಚೆನ್ನಾಗಿ ಗೊತ್ತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಭೂಕುಸಿತ ಸಾಧ್ಯತೆಯ ನಕ್ಷೆ ಭೂಕೋಶ್ ಜಾಲತಾಣದಲ್ಲಿದೆ, ಖಂಡಿತ ನೋಡಿ. ಆದರೆ ಅದು 1:50,000 ಅಳತೆಯದು. ಅಂದರೆ ನಕ್ಷೆಯ ಒಂದು ಸೆಂಟಿಮೀಟರ್ ನೆಲದ ಮೇಲೆ ಅರ್ಧ ಕಿಲೋಮೀಟರ್. ನಿಮ್ಮ ಊರಿನ ಗುಡ್ಡ ಕಾಣುತ್ತದೆ, ನಿಮ್ಮ ಧರೆ ಕಾಣುವುದಿಲ್ಲ.

ಬೇಸಿಗೆಯಲ್ಲಿ ನೆಟ್ಟಗೆ ನಿಂತ ಧರೆ ಮಳೆಗಾಲದಲ್ಲಿ ಯಾಕೆ ಬೀಳುತ್ತದೆ? ನೀರಿನ ಭಾರಕ್ಕಾ?

ಭಾರ ಒಂದು ಪಾಲು ಮಾತ್ರ. ಮಣ್ಣಿನ ಕಣಗಳು ಒಂದನ್ನೊಂದು ಒತ್ತಿಕೊಂಡು ಕೂತಿರುತ್ತವೆ. ಆ ಒತ್ತು ಇದ್ದಷ್ಟು ಹಿಡಿತ. ಒಳಗೆ ನೀರು ತುಂಬಿ ಒತ್ತಡ ಏರಿದರೆ ಅದು ಕಣಗಳನ್ನು ಒಂದರಿಂದೊಂದು ಬಿಡಿಸುತ್ತದೆ. ಹಿಡಿತ ಹೋಯಿತು. ಇನ್ನೊಂದು ಸಂಗತಿ, ಅರೆ ಒಣಗಿದ ಮಣ್ಣಿನಲ್ಲಿ ಉಳಿದ ತೇವ ಕಣಗಳನ್ನು ಎಳೆದು ಹಿಡಿದಿರುತ್ತದೆ. ಮಕ್ಕಳು ಸಮುದ್ರದ ದಡದಲ್ಲಿ ಒದ್ದೆ ಮರಳಿನ ಗೋಪುರ ಕಟ್ಟುವುದು ಅದೇ ಬಲದಿಂದ. ಮರಳು ಪೂರ್ತಿ ನೆನೆದರೆ ಗೋಪುರ ಕುಸಿಯುತ್ತದೆ. ಏಪ್ರಿಲ್‌ನಲ್ಲಿ ಹತ್ತು ಅಡಿ ನೇರ ಕಡಿದರೂ ನಿಲ್ಲುವ ಧರೆ ಜುಲೈಯಲ್ಲಿ ಮಲಗುವುದಕ್ಕೆ ಇದೂ ಕಾರಣ.

ಅಂಕಿಯಲ್ಲಿ ಹೇಳುತ್ತೇನೆ. 25 ಡಿಗ್ರಿ ಇಳಿಜಾರು, ಮಣ್ಣಿನ ಘರ್ಷಣೆ ಕೋನ (ಕಣಗಳ ಹಿಡಿತದ ಅಳತೆ) 34 ಡಿಗ್ರಿ, ಅಂಟುಗುಣ ಇಲ್ಲ ಅಂದುಕೊಳ್ಳಿ. ಒಣಗಿದ್ದಾಗ ಸುರಕ್ಷತಾ ಅಂಕ, ಅಂದರೆ ಹಿಡಿಯುವ ಬಲವನ್ನು ಜಾರಿಸುವ ಬಲದಿಂದ ಭಾಗಿಸಿದ್ದು, ಸುಮಾರು 1.45. ಅದೇ ಇಳಿಜಾರಿನಲ್ಲಿ ನೀರು ಮೇಲ್ಮೈವರೆಗೆ ತುಂಬಿ ಇಳಿಮುಖವಾಗಿ ಹರಿಯತೊಡಗಿದರೆ ಅದು ಸುಮಾರು 0.7ಕ್ಕೆ ಬರುತ್ತದೆ. ಒಂದಕ್ಕಿಂತ ಕಡಿಮೆ ಆದರೆ ಜಾರುತ್ತದೆ. ಮಣ್ಣು ಅದೇ, ಇಳಿಜಾರು ಅದೇ, ಬದಲಾದದ್ದು ನೀರು ಮಾತ್ರ. 2018ರ ಆಗಸ್ಟ್‌ನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆ ಕಡೆ ಗುಡ್ಡಗಳು ಇಳಿದದ್ದು ದಿನಗಟ್ಟಲೆ ಬಿಡದೆ ಹೊಯ್ದ ಮಳೆಯ ನಂತರ.

ಮೇಲೆ ಮುರಕಲ್ಲು ಇದೆ. ಕಲ್ಲಿನ ಮೇಲೆ ಕಟ್ಟಿದರೆ ಭಯ ಇಲ್ಲ ಅಲ್ವಾ?

ಮುರಕಲ್ಲು, ಅಂದರೆ ಜಂಬಿಟ್ಟಿಗೆ ಕಲ್ಲು, ಎಷ್ಟು ದಪ್ಪ ಇದೆ, ಅದರ ಕೆಳಗೆ ಏನಿದೆ ಅನ್ನುವುದು ಪ್ರಶ್ನೆ. ಕರಾವಳಿಯಲ್ಲಿ ಮುರದ ಪದರದ ಕೆಳಗೆ ಎಷ್ಟೋ ಕಡೆ ಶೇಡಿ ಮಣ್ಣು ಸಿಗುತ್ತದೆ. ಬಿಳಿ, ತಿಳಿ ಗುಲಾಬಿ, ಹಳದಿ ಬಣ್ಣ. ಒಣಗಿದಾಗ ಪಿಕಾಸಿಗೂ ಜಗ್ಗುವುದಿಲ್ಲ. ನೀರು ಕುಡಿದರೆ ಅಂಬಲಿ. ಮೇಲಿನ ಮುರ ಗಟ್ಟಿ ಚಾವಣಿಯ ಹಾಗೆ ನಿಂತಿರುತ್ತದೆ, ಕೆಳಗಿನ ಶೇಡಿ ತೊಳೆದು ಹೋಗುತ್ತಿರುತ್ತದೆ. ಆಮೇಲೆ ಒಂದು ದಿನ ಚಾವಣಿ ಮುರಿದು ಬೀಳುತ್ತದೆ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಧರೆಯ ಬುಡದಿಂದ ನಿಂಬೆಹಣ್ಣಿನ ಗಾತ್ರದ ಹೆಂಟೆ ತಂದು ಎರಡು ದಿನ ಬಿಸಿಲಲ್ಲಿ ಒಣಗಿಸಿ. ಗಾಜಿನ ಲೋಟದಲ್ಲಿ ನೀರು ತುಂಬಿ, ಹೆಂಟೆಯನ್ನು ಮೆಲ್ಲಗೆ ಬಿಡಿ. ಕಲಕಬೇಡಿ. ಒಳ್ಳೆಯ ಮುರದ ತುಂಡಾದರೆ ನಾಲ್ಕು ಗುಳ್ಳೆ ಬಿಟ್ಟು ಸುಮ್ಮನೆ ಕೂರುತ್ತದೆ. ಶೇಡಿಯಾದರೆ ಮೊದಲು ಅಂಚು ಉದುರುತ್ತದೆ, ಆಮೇಲೆ ಹೆಂಟೆ ಬಾಯಿ ಬಿಡುತ್ತದೆ, ಸ್ವಲ್ಪ ಹೊತ್ತಿನಲ್ಲಿ ಲೋಟದ ತಳದಲ್ಲಿ ಒಂದು ಸಣ್ಣ ಗುಡ್ಡೆ. ನೀರು ಹಾಲಿನ ಹಾಗೆ ಮಂಕಾಗಿ ತಿಳಿಯಾಗದೇ ಉಳಿದರೆ ಇನ್ನೂ ಕೆಟ್ಟದ್ದು. ಆ ಮಣ್ಣು ಹರಿಯುವ ನೀರಿನ ಜೊತೆಗೇ ಎದ್ದು ಹೋಗುವ ಜಾತಿಯದು. ಇದು ಪ್ರಯೋಗಾಲಯದ ಪರೀಕ್ಷೆಗೆ ಬದಲಿ ಅಲ್ಲ. ಆದರೆ ಈ ಲೋಟ ನೋಡಿದ ಮೇಲೆ ಮನೆಯವರು ನನ್ನ ಮಾತು ಕೇಳುತ್ತಾರೆ.

ನಾಲ್ಕು ಮೆಟ್ಟಿಲಿಗೆ ಮಣ್ಣು ಪರೀಕ್ಷೆ ಬೇಕಾ?

ಬುಡದಲ್ಲಿ ಮನೆ ಇದ್ದರೆ ಬೇಕು. ದೊಡ್ಡ ಬೋರಿಂಗ್ ಯಂತ್ರ ಎಲ್ಲ ಕಡೆ ಹೋಗುವುದೂ ಇಲ್ಲ, ಎಲ್ಲ ಕಡೆ ಬೇಡ ಕೂಡ. ಮೂರ್ನಾಲ್ಕು ಮೀಟರ್‌ವರೆಗೆ ಕೈಯಿಂದ ತಿರುಗಿಸಿ ಮಣ್ಣು ಕೊರೆಯುವ ಆಗರ್ ಸಾಕಾಗುತ್ತದೆ. ಒಂದೆರಡು ಸಣ್ಣ ಗುಂಡಿ ತೋಡಿ ಪದರ ನೋಡಬಹುದು. ಕಲ್ಲು ಅಡ್ಡ ಬಂದರೆ, ಅಥವಾ ಜಾರುವ ಪದರ ಆಳದಲ್ಲಿದೆ ಅಂತ ಅನುಮಾನ ಬಂದರೆ ಯಂತ್ರ ತರಿಸಲೇಬೇಕು. ಆಗ ಐಎಸ್ 2131 ಎಂಬ ಭಾರತೀಯ ಮಾನಕದ ಪ್ರಕಾರ ಬಡಿತದ ಪರೀಕ್ಷೆ (ಕೊಳವೆಯನ್ನು ನೆಲಕ್ಕೆ ಇಳಿಸಲು ಎಷ್ಟು ಪೆಟ್ಟು ಬೇಕು ಅಂತ ಎಣಿಸುವುದು), ಮಾದರಿ ತೆಗೆದು ಶಿಯರ್ ಪರೀಕ್ಷೆ (ಮಣ್ಣು ಜಾರದೆ ಎಷ್ಟು ಬಲ ತಾಳುತ್ತದೆ ಅಂತ ನೋಡುವುದು). ಮಾದರಿಯನ್ನು ನೆನೆಸಿ ಪರೀಕ್ಷಿಸಲು ಹೇಳಿ. ಒಣ ಮಾದರಿಯ ಫಲಿತಾಂಶ ನಮ್ಮ ಜುಲೈಗೆ ಯಾವ ಪ್ರಯೋಜನಕ್ಕೂ ಬರುವುದಿಲ್ಲ.

ನನ್ನ ಖಾಸಗಿ ಉಪಾಯ ಒಂದಿದೆ. ಊರಲ್ಲಿ ಬಾವಿ ತೋಡುವವರನ್ನು ಹಿಡಿಯುತ್ತೇನೆ. ಎಷ್ಟು ಅಡಿ ಮುರ, ಎಲ್ಲಿಂದ ಶೇಡಿ, ಎಷ್ಟನೇ ಅಡಿಗೆ ಒರತೆ ಸಿಕ್ಕಿತು ಅಂತ ಬೆರಳು ಮಡಚಿ ಹೇಳುತ್ತಾರೆ. ಪಕ್ಕದ ತೋಟದ ಬಾವಿಗೆ ಟಾರ್ಚ್ ಬಿಟ್ಟು ನೋಡಿದರೆ ಪದರಗಳು ನಿಮಗೇ ಕಾಣುತ್ತವೆ. ಆಮೇಲೆ ಆಗರ್ ಎಲ್ಲಿ ಹಾಕಬೇಕು ಅಂತ ತೀರ್ಮಾನ ಮಾಡುವುದು ಸುಲಭ.

ಮೇಸ್ತ್ರಿ ಹೇಳ್ತಾರೆ, ಒಂದೇ ಸಮ ಕಾಂಕ್ರೀಟ್ ಹಾಕಿದರೆ ಮೆಟ್ಟಿಲೇ ಧರೆ ಹಿಡಿಯುತ್ತೆ ಅಂತ.

ಮೇಸ್ತ್ರಿಯವರ ಮೇಲೆ ನನಗೆ ಗೌರವ ಇದೆ, ಈ ಮಾತಿನ ಮೇಲೆ ಇಲ್ಲ. 130 ಟನ್ ಲೆಕ್ಕ ಆಗಲೇ ಹೇಳಿದೆ. ಅದಕ್ಕಿಂತ ಕೆಟ್ಟ ಸಂಗತಿ, ಒಂದೇ ಹಾಸಿನ ಕಾಂಕ್ರೀಟ್ ಕೆಳಗಿನ ಮಣ್ಣು ಹೋದರೂ ಸೇತುವೆಯ ಹಾಗೆ ನಿಂತೇ ಇರುತ್ತದೆ. ನಮಗೆ ಗೊತ್ತೇ ಆಗುವುದಿಲ್ಲ.

ನಮ್ಮದೇ ಮನೆಯಲ್ಲಿ ಆದದ್ದು. ಅಪ್ಪ ಕಟ್ಟಿಸಿದ 32 ಮೆಟ್ಟಿಲು, ಬಿರುಕು ಒಂದೂ ಇಲ್ಲ. ಒಂದು ಮಳೆಗಾಲ ಮುಗಿದ ಮೇಲೆ ಅಮ್ಮ ಹೇಳಿದರು, "ಮಧ್ಯದ ಮೆಟ್ಟಿಲ ಹತ್ರ ಕೊಡಪಾನ ಇಟ್ರೆ ಸದ್ದು ಬೇರೆ ಥರ ಬರುತ್ತೆ ಕಣೋ." ಹಾರೆ ತಂದು ಒಂದೊಂದೇ ಮೆಟ್ಟಿಲಿಗೆ ಕುಟ್ಟಿದೆ. ಹತ್ತನೆಯದರವರೆಗೆ ಟಣ್ ಟಣ್. ಹನ್ನೊಂದರಿಂದ ಡಬ್ ಡಬ್. ಪಕ್ಕದಿಂದ ಅಗೆದರೆ ಕೆಳಗೆ ನಾನು ಭುಜದವರೆಗೆ ಕೈ ಹಾಕುವಷ್ಟು ಪೊಳ್ಳು. ಮೇಲಿನ ಮೋರಿಯ ನೀರು ಮೆಟ್ಟಿಲ ಬದಿಯಲ್ಲಿ ಇಳಿದು ಅಡಿಗೆ ಸೇರಿಕೊಂಡಿತ್ತು. ಎಂಜಿನಿಯರ್ ಮಗ ಇದ್ದ ಮನೆ!

ಹಾಗಾದರೆ ಯಾವ ಬಗೆಯ ಮೆಟ್ಟಿಲು ಒಳ್ಳೆಯದು?

ಸಡಿಲ ಇಳಿಜಾರಿಗೆ ಎರಡು ಬಗೆ ನನಗೆ ಇಷ್ಟ. ಒಂದು, ಹಳೆಯ ಕ್ರಮದ ಬಿಡಿ ಕಲ್ಲಿನ ಮೆಟ್ಟಿಲು. ಸೈಜುಗಲ್ಲು ಅಥವಾ ಗಟ್ಟಿ ಮುರಕಲ್ಲನ್ನು ಜಲ್ಲಿಯ ಹಾಸಿನ ಮೇಲೆ, ಸಿಮೆಂಟ್ ಇಲ್ಲದೆ, ಒಂದರ ಹಿಂಬದಿಯ ಮೇಲೆ ಇನ್ನೊಂದರ ಮುಂಬದಿ ಕೂರುವ ಹಾಗೆ ಇಡುವುದು. ನೀರು ಸಂದಿಯಿಂದ ಹೊರಗೆ ಬರುತ್ತದೆ. ನೆಲ ಸ್ವಲ್ಪ ಇಳಿದರೆ ಕಲ್ಲು ಓರೆಯಾಗಿ ನಿಮಗೆ ಹೇಳುತ್ತದೆ. ಬೇಸಿಗೆಯಲ್ಲಿ ಎತ್ತಿ ಮತ್ತೆ ಕೂರಿಸಿದರಾಯಿತು. ಹಳೆ ಮನೆಗಳ ಅಂಗಳಕ್ಕೆ ಇಳಿಯುವ ಮೆಟ್ಟಿಲು ಹೀಗೇ ಇರುತ್ತಿತ್ತು. ಜಲ್ಲಿ ಅಡಿಯಲ್ಲಿ ನೀರು ಬಿಟ್ಟು ಮಣ್ಣು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿದರೆ ಮಣ್ಣು ಜಲ್ಲಿಯೊಳಗೆ ನುಗ್ಗುವುದಿಲ್ಲ. ನಮ್ಮ ಕಾಲದ ಸೇರ್ಪಡೆ ಅಷ್ಟೇ.

ಎರಡನೆಯದು ಸತು ಲೇಪಿಸಿದ ಉಕ್ಕಿನ ಹಗುರ ಮೆಟ್ಟಿಲು. ನೆಲವನ್ನು ಕಡಿಯದೆ, ಐದಾರು ಬಿಂದುಗಳಲ್ಲಿ ಮಾತ್ರ ಸಣ್ಣ ಅಡಿಪಾಯ ಹಾಕಿ, ನೆಲದಿಂದ ಒಂದಡಿ ಮೇಲೆ ಹೋಗುವ ಹಾಗೆ ನಿಲ್ಲಿಸುವುದು. ಮಳೆ ನೀರು ಕೆಳಗಿನಿಂದ ತನ್ನ ದಾರಿ ಹಿಡಿಯುತ್ತದೆ. ಬೋಲ್ಟ್ ಕೂರುವ ತೂತನ್ನು ಉದ್ದ ಮಾಡಿಸಿದರೆ ಸ್ವಲ್ಪ ಆಚೀಚೆ ಆದಾಗ ಸರಿಪಡಿಸಬಹುದು. ಕಡಲ ಹತ್ತಿರ ಆದರೆ ಬರೀ ಪೇಂಟು ಸಾಕಾಗುವುದಿಲ್ಲ, ಬಿಸಿ ಸತುವಿನಲ್ಲಿ ಅದ್ದಿದ್ದೇ ಬೇಕು. ಮರದ ದಿಮ್ಮಿಯ ಮೆಟ್ಟಿಲು ನೋಡಲು ಚೆಂದ, ಆದರೆ ನಮ್ಮ ಗೆದ್ದಲಿಗೆ ಮತ್ತು ಮಳೆಗೆ ಅದು ತಾಳುವುದಿಲ್ಲ.

ಕಾಂಕ್ರೀಟೇ ಬೇಕು ಅಂದರೆ ಹತ್ತು ಹನ್ನೆರಡು ಮೆಟ್ಟಿಲಿಗೊಮ್ಮೆ ತುಂಡು ಮಾಡಿ, ನಡುವೆ ಸಮತಟ್ಟು ಕೊಡಿ. ಯಾವುದೇ ಬಗೆ ಇರಲಿ, ಮನೆಯ ಪಂಚಾಂಗಕ್ಕೆ, ಅಂದರೆ ತಳಪಾಯಕ್ಕೆ, ಗಟ್ಟಿಯಾಗಿ ಬೆಸೆಯಬೇಡಿ. ಒಂದಿಂಚು ಸಂದು ಬಿಡಿ. ಧರೆ ಅಲ್ಲಾಡಿದರೆ ಮೆಟ್ಟಿಲು ಮಾತ್ರ ಅಲ್ಲಾಡಲಿ, ಗೋಡೆಯನ್ನು ಎಳೆಯುವುದು ಬೇಡ.

ನೇರ ಇಳಿಸೋದಾ, ತಿರುವು ಕೊಡೋದಾ?

30 ಡಿಗ್ರಿ ಇಳಿಜಾರಿನಲ್ಲಿ 20 ಅಡಿ ಇಳಿಯಲು ಅಡ್ಡಕ್ಕೆ ಸುಮಾರು 35 ಅಡಿ ಸಿಗುತ್ತದೆ. ಆರು ಇಂಚು ಎತ್ತರ, ಒಂದಡಿ ಅಗಲದ ಆರಾಮದ ಮೆಟ್ಟಿಲಿಗೆ 40 ಅಡಿ ಬೇಕು. ಆಗಲೇ ಸಾಲದು. 45 ಡಿಗ್ರಿ ಆದರೆ ಸಿಗುವುದು 20 ಅಡಿ ಮಾತ್ರ. ಆಗ ಏಣಿ ಹತ್ತಿದ ಹಾಗೆ ಆಗುತ್ತದೆ, ವಯಸ್ಸಾದವರಿಗೆ ಆಗುವುದೇ ಇಲ್ಲ. ಹಾಗಾಗಿ ಓರೆಯಾಗಿ ಹೋಗಿ ತಿರುಗುವುದೇ ಸರಿ. ನೇರ ಇಳಿಸಿದರೆ ಇನ್ನೊಂದು ತೊಂದರೆ: ಅದು ಮೆಟ್ಟಿಲಲ್ಲ, ಜಲಪಾತ.

ಓರೆ ದಾರಿಗೂ ಬೆಲೆ ಇದೆ. 30 ಡಿಗ್ರಿ ಇಳಿಜಾರಿನಲ್ಲಿ ನಾಲ್ಕಡಿ ಅಗಲದ ದಾರಿಯನ್ನು ಪೂರ್ತಿ ಕಡಿದೇ ಮಾಡಿದರೆ ಒಳಬದಿಗೆ ಎರಡೂಕಾಲು ಅಡಿ ನೇರ ಧರೆ ಹುಟ್ಟುತ್ತದೆ. 40 ಡಿಗ್ರಿಯಲ್ಲಿ ಅದು ಮೂರಡಿ ದಾಟುತ್ತದೆ. ದಾರಿಯ ಅಗಲ ಮೂರಡಿಗೆ ಇಳಿಸಿದರೆ ಕಡಿತವೂ ಅಷ್ಟು ಕಡಿಮೆ. ಗೃಹಪ್ರವೇಶಕ್ಕೆ ಬೀರು ಇಳಿಸಬೇಕು ಅಂತ ಐದಡಿ ಕೇಳುವವರಿದ್ದಾರೆ. ಬೀರು ಒಂದು ದಿನ ಬರುತ್ತದೆ, ಧರೆ ದಿನಾ ಇರುತ್ತದೆ.

ಅಡಿಪಾಯ ಎಷ್ಟು ಆಳ ಹೋಗಬೇಕು?

ಜಾರುವ ಪದರ ದಾಟಿ ಗಟ್ಟಿ ನೆಲ ಮುಟ್ಟುವಷ್ಟು. ಎರಡಡಿ ಸಡಿಲ ಮಣ್ಣಾದರೆ ದಾಟುವುದು ಸುಲಭ. ಮೂರು ನಾಲ್ಕು ಮೀಟರ್ ದಪ್ಪ ಜಾರುತ್ತಿದ್ದರೆ ಮೈಕ್ರೋಪೈಲ್ (ಆಳಕ್ಕೆ ಕೊರೆದು ಇಳಿಸುವ ಸಣ್ಣ ಕಂಬ), ಮಣ್ಣಿಗೆ ಮೊಳೆ ಹೊಡೆಯುವ ಸಾಯಿಲ್ ನೇಲಿಂಗ್ ಇತ್ಯಾದಿ ಬೇಕು. ಅದು ಮೆಟ್ಟಿಲಿನ ಕೆಲಸವಾಗಿ ಉಳಿಯುವುದಿಲ್ಲ, ಇಡೀ ಧರೆಯ ಕೆಲಸ. ಖರ್ಚು ಕೇಳಿ ಹೌಹಾರುತ್ತೀರಿ. ತುಂಬಿದ ಮಣ್ಣಿನ ಮೇಲೆ, ಅಂದರೆ ಮೇಲೆ ಕಡಿದು ಕೆಳಗೆ ಚೆಲ್ಲಿದ ಮಣ್ಣಿನ ಮೇಲೆ, ಯಾವ ಅಡಿಪಾಯವನ್ನೂ ಇಡಬೇಡಿ. ಎಷ್ಟೇ ತುಳಿದಿದ್ದರೂ.

ನೀರನ್ನು ಎಲ್ಲಿಗೆ ಬಿಡಬೇಕು?

ಇದನ್ನೇ ಎಲ್ಲರೂ ಕೊನೆಗೆ ಕೇಳುತ್ತಾರೆ. ನನ್ನ ಪ್ರಕಾರ ದುಡ್ಡಿನ ಅರ್ಧ ಇಲ್ಲಿಗೆ ಹೋಗಬೇಕು. ಸಾವಿರ ಚದರಡಿ ಮಾಡಿನ (ಚಾವಣಿಯ) ಮೇಲೆ 100 ಮಿಲಿಮೀಟರ್ ಮಳೆ ಬಿದ್ದರೆ 9 ಸಾವಿರ ಲೀಟರಿಗೂ ಜಾಸ್ತಿ ನೀರು. ನಮ್ಮ ಕಡೆ ಜುಲೈಯಲ್ಲಿ ಅಂಥ ದಿನಗಳು ಬರುತ್ತಲೇ ಇರುತ್ತವೆ. ಮೇಲಿನ ಮನೆಯವರ ಮಾಡಿನ ನೀರು, ರಸ್ತೆಯ ನೀರು ಎರಡೂ ಸೇರಿ ನಿಮ್ಮ ಧರೆಯ ತಲೆಗೆ ಬಂದರೆ ಯಾವ ಮೆಟ್ಟಿಲೂ ನಿಲ್ಲುವುದಿಲ್ಲ.

ಮೊದಲ ಕೆಲಸ ಧರೆಯ ತಲೆಯಿಂದ ಸ್ವಲ್ಪ ಹಿಂದಕ್ಕೆ ಅಡ್ಡ ಚರಂಡಿ. ಅದಕ್ಕೆ ಕಾಂಕ್ರೀಟ್ ಅಥವಾ ಕಲ್ಲಿನ ಹಾಸು ಇರಲೇಬೇಕು. ಬರೀ ಮಣ್ಣಿನ ಅಗಳು ತೋಡಿದರೆ ಧರೆಗೆ ನೀವೇ ಕೊಳವೆ ಇಟ್ಟು ನೀರು ಕುಡಿಸಿದ ಹಾಗೆ. ನಂತರ ಮೆಟ್ಟಿಲ ಬದಿಗೆ ಒಂದು ಚರಂಡಿ. ಅದರ ತಳವನ್ನೂ ಮೆಟ್ಟಿಲು ಮೆಟ್ಟಿಲಾಗಿ ಮಾಡಿದರೆ ನೀರಿನ ರಭಸ ಮುರಿಯುತ್ತದೆ. ಪ್ರತಿ ಸಮತಟ್ಟಿನಲ್ಲಿ ಜಾಲರಿ ಮುಚ್ಚಿದ ಅಡ್ಡ ಚರಂಡಿ ಇಟ್ಟು, ಮೆಟ್ಟಿಲ ಮೇಲೆ ಬಂದ ನೀರನ್ನು ಬದಿಗೆ ತಳ್ಳಿ. ಮೆಟ್ಟಿಲ ಮೇಲ್ಮೈ ಹೊರಕ್ಕೆ ಕೂದಲೆಳೆಯಷ್ಟು ಇಳಿಜಾರಿರಲಿ, ನೀರು ನಿಂತರೆ ಪಾಚಿ ಕಟ್ಟುತ್ತದೆ. ಒಳಗಿನಿಂದ ಬರುವ ಒರತೆಗೆ ಬೇರೆ ವ್ಯವಸ್ಥೆ: ಒಂದಡಿ ಅಗಲದ ಕಾಲುವೆ ತೋಡಿ, ಜಿಯೋಟೆಕ್ಸ್‌ಟೈಲ್ ಹಾಸಿ, ತೂತಿನ ಪೈಪು ಇಟ್ಟು, ಜಲ್ಲಿ ತುಂಬಿ, ಬಟ್ಟೆ ಮಡಚಿ ಮುಚ್ಚುವುದು.

ಕೊನೆಗೆ ನೀರು ತೋಡು ಅಥವಾ ಹಳ್ಳ ಸೇರಬೇಕು. ಪಕ್ಕದವರ ಧರೆಗೆ ತಿರುಗಿಸಿದರೆ ಮಣ್ಣಿನ ಜೊತೆ ಮಾತೂ ಜರಿಯುತ್ತದೆ.

ಇಂಗುಗುಂಡಿ ಮಾಡಿದರೆ ಒಳ್ಳೆಯದು ಅಂತಾರಲ್ಲ?

ಬಯಲುಸೀಮೆಯಲ್ಲಿ ಒಳ್ಳೆಯದೇ. ಸಡಿಲ ಧರೆಯ ಮೇಲೆ ಬೇಡವೇ ಬೇಡ. ಶೌಚದ ಪಿಟ್ ಕೂಡ ಧರೆಯ ತಲೆಯ ಮೇಲೆ ಇರಬಾರದು. ಸೋರುವ ನೀರಿನ ಟ್ಯಾಂಕು, ಒಡೆದ ನಲ್ಲಿ ಪೈಪು ಇದ್ದರೆ ಇವತ್ತೇ ಸರಿಮಾಡಿಸಿ. ಬೇಸಿಗೆಯಲ್ಲೇ ಧರೆ ಜರಿದ ಒಂದು ಕಡೆ ಕೊನೆಗೆ ಸಿಕ್ಕಿದ್ದು ಪೈಪಿನ ಒಂದು ಸಡಿಲ ಬೆಸುಗೆ.

ತಡೆಗೋಡೆ ಕಟ್ಟಿದ್ದೇವೆ, ನೀರು ಹೋಗಲು ತೂತೂ ಬಿಟ್ಟಿದ್ದೇವೆ. ಆದರೂ ಗೋಡೆ ಮುಂದಕ್ಕೆ ಬಂದಿದೆ. ಯಾಕೆ?

ಒಂದು ಕಡ್ಡಿ ತಗೊಂಡು ತೂತಿನೊಳಗೆ ಹಾಕಿ. ಎಷ್ಟು ದೂರ ಹೋಗುತ್ತದೆ? ನಾನು ಇದನ್ನು ಹೋದಲ್ಲೆಲ್ಲ ಮಾಡುತ್ತೇನೆ. ಒಂದೂವರೆ ಅಡಿ ದಪ್ಪದ ಗೋಡೆಯಲ್ಲಿ ಕಡ್ಡಿ ಒಂಬತ್ತು ಇಂಚಿಗೇ ನಿಂತುಬಿಡುತ್ತದೆ. ಪೈಪಿನ ತುಂಡನ್ನು ಮುಂದಿನಿಂದ ತುರುಕಿ ಬಿಟ್ಟಿರುತ್ತಾರೆ, ಹಿಂದಕ್ಕೆ ತಲುಪಿಯೇ ಇರುವುದಿಲ್ಲ. ಅದು ತೂತಲ್ಲ, ಅಲಂಕಾರ. ತಲುಪಿದ್ದರೂ ಹಿಂದೆ ಜಲ್ಲಿ ಹಾಕದೆ ಕಡಿದ ಮಣ್ಣನ್ನೇ ತುಂಬಿದ್ದರೆ ಒಂದೇ ಮಳೆಗೆ ಬಾಯಿ ಕಟ್ಟುತ್ತದೆ.

ಎರಡು ಮೀಟರ್ ಎತ್ತರದ ಗೋಡೆಗೆ ಒಣ ಮಣ್ಣು ಪ್ರತಿ ಮೀಟರ್ ಉದ್ದಕ್ಕೆ ಸುಮಾರು 1.2 ಟನ್ ಒತ್ತುತ್ತದೆ. ಹಿಂದೆ ನೀರು ತಲೆವರೆಗೆ ತುಂಬಿದರೆ ಒತ್ತು 2.5 ಟನ್. ಎರಡು ಪಟ್ಟು. ಒಣ ಮಣ್ಣಿಗೆ ಕಟ್ಟಿದ ಗೋಡೆ ಇದನ್ನು ತಾಳಬೇಕು ಅಂತ ಬಯಸುವುದೇ ತಪ್ಪು. ಗುಡ್ಡಗಾಡಿನ ತಡೆಗೋಡೆಗೆ ಐಎಸ್ 14458 ಅಂತ ಮಾರ್ಗಸೂಚಿಯೇ ಇದೆ, ನಿಮ್ಮ ಎಂಜಿನಿಯರ್ ಅದನ್ನು ನೋಡಿದ್ದಾರಾ ಅಂತ ಕೇಳಿ. ಮೆಟ್ಟಿಲ ಪಕ್ಕದ ಸಣ್ಣ ಎತ್ತರಕ್ಕೆ ನಾನು ಗ್ಯಾಬಿಯನ್, ಅಂದರೆ ತಂತಿ ಬುಟ್ಟಿಯಲ್ಲಿ ಕಾಡುಗಲ್ಲು ತುಂಬಿದ ಗೋಡೆ, ಜಾಸ್ತಿ ಬಳಸುತ್ತೇನೆ. ಇಡೀ ಗೋಡೆಯೇ ತೂತು. ಸ್ವಲ್ಪ ಬಾಗಿದರೂ ಒಡೆಯುವುದಿಲ್ಲ. ಕಲ್ಲನ್ನು ಕೈಯಲ್ಲಿ ಜೋಡಿಸಬೇಕು, ಬುಟ್ಟಿಗೆ ಸುರಿದರೆ ಹೊಟ್ಟೆ ಬರುತ್ತದೆ.

ಜೆಸಿಬಿ ತರಿಸಿದರೆ ಒಂದೇ ದಿನದ ಕೆಲಸ ಅಲ್ವಾ?

ಒಂದೇ ಗಂಟೆಯ ಕೆಲಸ. ಅದೇ ಭಯ. ಬುಡದಲ್ಲಿ ಉದ್ದಕ್ಕೂ ಒಮ್ಮೆಗೇ ಕಡಿದುಬಿಟ್ಟರೆ ಮೇಲಿನ ಮಣ್ಣಿಗೆ ಆಸರೆಯೇ ಹೋಯಿತು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದದ್ದು ಹೆದ್ದಾರಿ 66ರ ಪಕ್ಕ, ರಸ್ತೆಗಾಗಿ ಬುಡ ಕಡಿದಿದ್ದ ಜಾಗದಲ್ಲಿ. ನಮ್ಮ ಮೆಟ್ಟಿಲು ಅಷ್ಟು ದೊಡ್ಡದಲ್ಲ, ಆದರೆ ಬುಡ ಕಡಿದರೆ ಆಗುವುದು ಅದೇ.

ಕೈಯಲ್ಲಿ, ಮೇಲಿನಿಂದ ಕೆಳಕ್ಕೆ, ಒಂದು ತುಂಡು ಬಿಟ್ಟು ಒಂದು ತುಂಡು ಕಡಿಯಿರಿ. ಒಂದೊಂದು ತುಂಡು ಐದಾರು ಅಡಿ. ಕಡಿದಲ್ಲಿ ಕಲ್ಲು ಕೂರಿಸಿ, ಹಿಂದೆ ಜಲ್ಲಿ ತುಂಬಿದ ಮೇಲೆಯೇ ಬಿಟ್ಟ ತುಂಡಿಗೆ ಕೈ ಹಾಕಿ. ಕೆಲಸದವರು ನೇರ ಧರೆಯ ಬುಡದಲ್ಲಿ ಕೂತು ಊಟ ಮಾಡದ ಹಾಗೆ ನೋಡಿಕೊಳ್ಳಿ. ಅಲ್ಲಿ ನೆರಳು ಇರುತ್ತದೆ, ಅದಕ್ಕೇ ಕೂರುತ್ತಾರೆ. ಕಡಿದ ಮಣ್ಣನ್ನು ಧರೆಯ ತಲೆಯ ಮೇಲೆ ಗುಡ್ಡೆ ಹಾಕಬೇಡಿ. ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಕೆಲಸ. ಮೇ ಕೊನೆಗೆ ಫೋನ್ ಮಾಡುವವರಿಗೆ ನನ್ನ ಉತ್ತರ, "ಈ ವರ್ಷ ಚರಂಡಿ ಮಾತ್ರ ಮಾಡಿ, ಮೆಟ್ಟಿಲು ದೀಪಾವಳಿ ಕಳೆದ ಮೇಲೆ ನೋಡೋಣ."

ಗಿಡ ನೆಟ್ಟರೆ ಧರೆ ನಿಲ್ಲುತ್ತದಾ?

ಮೇಲಿನ ಒಂದೆರಡು ಮೀಟರ್ ಮಣ್ಣಿಗೆ ಒಳ್ಳೆಯ ಹಿಡಿತ. ಲಾವಂಚ ನನ್ನ ಮೊದಲ ಆಯ್ಕೆ. ಬೇರು ನೇರ ಕೆಳಗೆ ಎರಡು ಮೂರು ಮೀಟರ್ ಹೋಗುತ್ತದೆ, ಆಚೀಚೆ ಹಬ್ಬಿ ಮೆಟ್ಟಿಲು ಎತ್ತುವುದಿಲ್ಲ. ಅಡ್ಡ ಸಾಲಿನಲ್ಲಿ ಒತ್ತೊತ್ತಾಗಿ ನೆಡಿ. ಬೇರು ಹಿಡಿಯಲು ಸಮಯ ಬೇಕು, ಜೂನ್‌ನಲ್ಲಿ ನೆಟ್ಟು ಜುಲೈಗೆ ನೆಚ್ಚಿಕೊಳ್ಳಬೇಡಿ. ಜರಿಯುವ ಪದರ ಬೇರಿಗಿಂತ ಆಳದಲ್ಲಿದ್ದರೆ ಗಿಡವೂ ಮಣ್ಣಿನ ಜೊತೆಗೇ ಇಳಿಯುತ್ತದೆ. ಇದ್ದ ಮರವನ್ನು ಭಾರ ಅಂತ ಕಡಿಯುವುದು ಇನ್ನೊಂದು ತಪ್ಪು. ಬೇರು ಕೊಳೆತು ಟೊಳ್ಳಾದ ದಾರಿಯಲ್ಲಿ ಕೆಲವು ವರ್ಷದ ಮೇಲೆ ನೀರು ಇಳಿಯುತ್ತದೆ.

ಚಾಮುಂಡಿ ಬೆಟ್ಟದ ಮೆಟ್ಟಿಲು ಮುನ್ನೂರು ವರ್ಷದಿಂದ ನಿಂತಿದೆಯಲ್ಲ?

ನಿಂತಿದೆ. ದೊಡ್ಡ ದೇವರಾಜ ಒಡೆಯರ ಕಾಲದ್ದು, ಸಾವಿರಕ್ಕೂ ಹೆಚ್ಚು ಮೆಟ್ಟಿಲು. ಅಲ್ಲಿ ಅಡಿಯಲ್ಲಿ ಇರುವುದು ಗಟ್ಟಿ ಬಂಡೆ, ಮಳೆಯೂ ನಮ್ಮದರ ಒಂದು ಚೂರು. ಅದೇ ಬೆಟ್ಟದಲ್ಲಿ 2021ರ ಮಳೆಗೆ ನಂದಿಯ ಕಡೆ ಹೋಗುವ ರಸ್ತೆಯ ಅಂಚು ಕುಸಿಯಿತು. ಬಂಡೆ ಬೇರೆ, ಅಂಚಿಗೆ ತುಂಬಿದ ಮಣ್ಣು ಬೇರೆ. ಶ್ರವಣಬೆಳಗೊಳದಲ್ಲಂತೂ ಮೆಟ್ಟಿಲನ್ನು ಬಂಡೆಯಲ್ಲೇ ಕೊರೆದಿದ್ದಾರೆ. ನಿಮ್ಮ ಧರೆಯಲ್ಲಿ ಅಂಥ ಬಂಡೆ ಇದ್ದರೆ ನನಗೆ ಫೋನ್ ಮಾಡುವ ಅಗತ್ಯವೇ ಇಲ್ಲ.

ಮೆಟ್ಟಿಲು ಈಗಾಗಲೇ ಬಿರುಕು ಬಿಟ್ಟಿದೆ. ಸಿಮೆಂಟ್ ತುಂಬಿಸಲಾ?

ಮೊದಲು ಅಳೆಯಿರಿ. ಬಿರುಕಿನ ಎರಡು ಬದಿಗೆ ಒಂದೊಂದು ಕಾಂಕ್ರೀಟ್ ಮೊಳೆ ಹೊಡೆದು, ನಡುವಿನ ಅಂತರವನ್ನು ವಾರಕ್ಕೊಮ್ಮೆ ಒಂದೇ ಸ್ಕೇಲಿನಲ್ಲಿ ಅಳೆದು, ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಿರಿ. ಮಳೆಗಾಲವಿಡೀ ಬದಲಾಗದಿದ್ದರೆ ಅದು ಬಹುಶಃ ಹಳೆಯ ಬಿರುಕು, ಮುಚ್ಚಬಹುದು. ನಿಧಾನವಾಗಿ ಹೆಚ್ಚಿದರೆ ಕಾರಣ ಹುಡುಕಬೇಕು. ಈ ವಾರ ಒಂದು ಮಿಲಿಮೀಟರ್, ಮುಂದಿನ ವಾರ ಮೂರು, ಆಮೇಲೆ ಏಳು ಅಂತ ಓಟ ಜೋರಾದರೆ ಅಳೆಯುವುದು ಬಿಟ್ಟು ಮನೆ ಖಾಲಿ ಮಾಡಿ, 112ಕ್ಕೆ ಕರೆ ಮಾಡಿ. ಧರೆಯ ತಲೆಯಲ್ಲಿ ಬಿರುಕಿದ್ದರೆ ಮಾತ್ರ ಅಳೆಯುತ್ತಾ ಕಾಯಬೇಡಿ. ಅಂಟು ಮಣ್ಣು ತುಂಬಿ ದಮ್ಮಸು ಮಾಡಿ, ಮೇಲೆ ಟಾರ್ಪಾಲ್ ಹಾಸಿ. ಟಾರ್ಪಾಲಿನ ಮೇಲಂಚನ್ನು ಮಣ್ಣಿನಲ್ಲಿ ಹೂಳಿ, ಇಲ್ಲದಿದ್ದರೆ ನೀರು ಅದರ ಅಡಿಗೇ ಹೋಗುತ್ತದೆ. ಹಿಂದೆ ಅಡಿಕೆ ಸೋಗೆ ಹೊದೆಸುತ್ತಿದ್ದರಲ್ಲ, ಅದೂ ಮಳೆಯ ಹೊಡೆತ ತಪ್ಪಿಸುತ್ತಿತ್ತು.

ಅನುಮತಿ ಬೇಕಾ?

ನಿಮ್ಮದೇ ಜಾಗದ ಒಳಗೆ ಸಣ್ಣ ಕೆಲಸವಾದರೂ ಪಂಚಾಯಿತಿಯಲ್ಲಿ ಕೇಳಿಕೊಳ್ಳಿ. ರಸ್ತೆಯ ಅಂಚು ಮುಟ್ಟುವುದಾದರೆ ರಸ್ತೆ ಯಾರದೋ ಆ ಇಲಾಖೆಯನ್ನು ಕೇಳಲೇಬೇಕು.

ಮೆಟ್ಟಿಲು ಮಾಡಲೇಬೇಡಿ ಅಂತ ಯಾವಾಗ ಹೇಳುತ್ತೀರಿ?

ಧರೆಯ ತಲೆಯಲ್ಲಿ ಕಮಾನು ಬಿರುಕು, ಬುಡದಲ್ಲಿ ಉಬ್ಬು, ಎರಡೂ ಇದ್ದರೆ. ಅದು ಇಡೀ ಗುಡ್ಡದ ಚಲನೆ. ಅಂಥ ಕಡೆ ಸುತ್ತು ದಾರಿ ಹುಡುಕುತ್ತೇನೆ, ಅರ್ಧ ಕಿಲೋಮೀಟರ್ ಜಾಸ್ತಿ ಆದರೂ. ಒಮ್ಮೆ ಒಬ್ಬರು ಸಿಟ್ಟಾಗಿ ಬೇರೆಯವರಿಂದ ಮಾಡಿಸಿಕೊಂಡರು. ಎರಡು ಮಳೆಗಾಲ ನಿಂತಿತು. ಸಿಕ್ಕಾಗಲೆಲ್ಲ ನನ್ನನ್ನು ಛೇಡಿಸುತ್ತಿದ್ದರು. ಮೂರನೆಯದರಲ್ಲಿ ಕೆಳಗಿನ ಹದಿನೈದು ಮೆಟ್ಟಿಲು ಹೋಯಿತು. ಈಗ ಸುತ್ತು ದಾರಿಯಲ್ಲೇ ಬರುತ್ತಾರೆ, ಸಿಕ್ಕರೆ ಕಾಫಿ ಕುಡಿಸುತ್ತಾರೆ.

ಕಟ್ಟಿಯಾಯಿತು. ಇನ್ನು ನಾವು ಮಾಡಬೇಕಾದದ್ದೇನು?

ಮೇ ಮೊದಲ ವಾರ ಚರಂಡಿಯ ತರಗೆಲೆ ತೆಗೆಸಿ. ಗೋಡೆಯ ತೂತಿಗೆ ಕಡ್ಡಿ ಹಾಕಿ. ಹಾರೆ ಹಿಡಿದು ಪ್ರತಿ ಮೆಟ್ಟಿಲಿಗೆ ಒಂದು ಸಲ ಕುಟ್ಟಿ ಕೇಳಿ. ಆಮೇಲೆ ಜೂನ್‌ನಲ್ಲಿ ಮೊದಲ ಜಡಿಮಳೆ ಹಿಡಿದ ದಿನ, ಬೆಳಕಿರುವಾಗ, ಸಿಡಿಲು ಇಲ್ಲದಿದ್ದರೆ, ಕೊಡೆ ಹಿಡಿದು ಹತ್ತು ನಿಮಿಷ ಮೆಟ್ಟಿಲ ಪಕ್ಕ ನಿಲ್ಲಿ. ನೀರು ಚರಂಡಿಗೆ ಹೋಗುತ್ತಿದೆಯಾ, ಮೆಟ್ಟಿಲ ಅಡಿಗೆ ನುಗ್ಗುತ್ತಿದೆಯಾ ಕಣ್ಣಿಗೇ ಕಾಣುತ್ತದೆ. ಗೋಡೆಯ ತೂತಿನಿಂದ ತಿಳಿನೀರು ಬಂದರೆ ಒಳಗೆ ಹೋಗಿ ಕಾಫಿ ಕುಡಿಯಿರಿ. ಕೆಂಪು ಅಥವಾ ಬಿಳಿ ಬಗ್ಗಡ ಬಂದರೆ ಗೋಡೆಯ ಹಿಂದಿನ ಮಣ್ಣು ಹೊರಗೆ ಬರುತ್ತಿದೆ. ಫೋಟೋ ತೆಗೆದು ಕಳಿಸಿ, ಅವತ್ತೇ.